ಪೇಟೆಯಲ್ಲಿ ಅಂಕಿ, ಉದ್ಯಾನದಲ್ಲಿ ಡಬ್ಬಿ: ಜಿಯೋಕ್ಯಾಶಿಂಗ್ ನಿಧಿಶೋಧವನ್ನು ರೂಪಿಸುವ ಬಗೆ

ಪ್ರಶ್ನೆ: ನಮ್ಮ ಬಳಗದ ಸುಮಾರು ಮೂವತ್ತು ಮಂದಿ, ಅವರಲ್ಲಿ ಅರ್ಧದಷ್ಟು ಮಕ್ಕಳು, ಊರ ನಡುವಿನ ಪೇಟೆಯಲ್ಲಿ ಶುರುವಾಗಿ ಪಕ್ಕದ ಉದ್ಯಾನದಲ್ಲಿ ಮುಗಿಯುವಂಥ ಜಿಯೋಕ್ಯಾಶಿಂಗ್, ಅಂದರೆ ಅಡಗಿಸಿಟ್ಟ ಡಬ್ಬಿಯನ್ನು ಉಪಗ್ರಹಗಳ ನೆರವಿನಿಂದ ಹುಡುಕುವ ನಿಧಿಶೋಧವೊಂದನ್ನು ನಡೆಸಬೇಕೆಂದಿದ್ದೇವೆ. ಮೊಬೈಲ್ ಫೋನುಗಳನ್ನೇ ಬಳಸುತ್ತೇವೆ. ಏಳು ಕಡೆ ಸಣ್ಣ ಡಬ್ಬಿಗಳನ್ನು ಅಡಗಿಸಿ ಒಮ್ಮೆ ಆಡಿ ನೋಡಿದಾಗ, ಎತ್ತರದ ಕಟ್ಟಡಗಳ ನಡುವೆ ಫೋನು ಒಂದು ಸಲ ರಸ್ತೆಯ ಆಚೆ ಬದಿಯನ್ನೂ ಇನ್ನೊಂದು ಸಲ ಈಚೆ ಬದಿಯನ್ನೂ ತೋರಿಸಿತು. ಪೇಟೆಯ ಒಂದು ಡಬ್ಬಿ ಎರಡೇ ದಿನದಲ್ಲಿ ಕಾಣೆಯಾಯಿತು. ಉದ್ಯಾನದ ಮರಗಳ ಕೆಳಗೆ ಬಾಣದ ಗುರುತು ಗಿರಗಿರನೆ ತಿರುಗುತ್ತಲೇ ಇತ್ತು. ನಾವು ಎಡವಿದ್ದು ಎಲ್ಲಿ? ಈ ಆಟವನ್ನು ಮುಂದೆ ಕಾಯಂ ಆಗಿ ಉಳಿಸಿಕೊಳ್ಳಬಹುದೆ?

ಉತ್ತರ: ನೀವು ಎಡವಿದ್ದು ಫೋನಿನ ವಿಷಯದಲ್ಲಿ ಅಲ್ಲ, ಡಬ್ಬಿಗಳನ್ನು ಹಂಚಿದ ರೀತಿಯಲ್ಲಿ. ಪೇಟೆಗೂ ಉದ್ಯಾನಕ್ಕೂ ಒಂದೇ ಬಗೆಯ ಆಟವನ್ನು ಹೊಂದಿಸಲು ಹೊರಟಿದ್ದರಿಂದ ಈ ಮೂರೂ ತೊಂದರೆಗಳು ಒಟ್ಟಿಗೆ ಬಂದಿವೆ. ನನ್ನ ಸಲಹೆ ಇಷ್ಟು: ಪೇಟೆಯಲ್ಲಿ ಏನನ್ನೂ ಅಡಗಿಸಬೇಡಿ. ಅಲ್ಲಿ ಈಗಾಗಲೇ ಕಲ್ಲಿನಲ್ಲಿ ಕೆತ್ತಿರುವ, ಲೋಹದಲ್ಲಿ ಎರಕ ಹೊಯ್ದಿರುವ ಅಂಕಿಗಳನ್ನು ಓದಿಸಿ. ಆ ಅಂಕಿಗಳಿಂದ ಉದ್ಯಾನದ ಡಬ್ಬಿಯ ನಿರ್ದೇಶಾಂಕ, ಅಂದರೆ ಅದರ ಜಾಗವನ್ನು ಹೇಳುವ ಅಕ್ಷಾಂಶ ಮತ್ತು ರೇಖಾಂಶದ ಸಂಖ್ಯೆಗಳು, ಹುಟ್ಟುವಂತೆ ಲೆಕ್ಕ ಕಟ್ಟಿ. ಡಬ್ಬಿ ಇರುವುದು ಉದ್ಯಾನದಲ್ಲಿ ಮಾತ್ರ. ಹೀಗೆ ಮಾಡಿದರೆ ಪೇಟೆಯಲ್ಲಿ ಕಳವಾಗಲು ಏನೂ ಇರುವುದಿಲ್ಲ, ಮತ್ತು ಫೋನು ಇಪ್ಪತ್ತು ಮೀಟರ್ ತಪ್ಪಿದರೂ ಆಟ ಕೆಡುವುದಿಲ್ಲ. ಗಡಿಯಾರ ಗೋಪುರವೋ ಪ್ರತಿಮೆಯೋ ಇಪ್ಪತ್ತು ಮೀಟರ್ ದೂರದಿಂದಲೂ ಕಣ್ಣಿಗೆ ಬೀಳುತ್ತದೆ.

ಮೊದಲು ಫೋನು ಏಕೆ ಹಾಗೆ ವರ್ತಿಸಿತೆಂಬುದನ್ನು ನೋಡೋಣ, ಏಕೆಂದರೆ ಆಟದ ಹಲವು ನಿರ್ಧಾರಗಳು ಅದರ ಮೇಲೆಯೇ ನಿಂತಿವೆ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಅವುಗಳ ಸಂಕೇತ ಹೊರಟ ಹೊತ್ತು ಮತ್ತು ತಲುಪಿದ ಹೊತ್ತಿನ ನಡುವಿನ ಅಂತರದಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ತಾನಿರುವ ಜಾಗದ ಮೂರು ಅಳತೆಗಳ ಜೊತೆಗೆ ತನ್ನದೇ ಗಡಿಯಾರದ ತಪ್ಪನ್ನೂ ಅದು ಕಂಡುಕೊಳ್ಳಬೇಕಾದ್ದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಬಯಲಿನಲ್ಲಿ, ತಲೆಯ ಮೇಲೆ ಬರಿ ಆಕಾಶವಿರುವಲ್ಲಿ, ಸಾಮಾನ್ಯ ಫೋನು ಸುಮಾರು 5 ಮೀಟರ್ ಒಳಗೆ ಸರಿಯಾಗಿ ಹೇಳುತ್ತದೆ. ಆದರೆ ಎತ್ತರದ ಗೋಡೆಗಳ ನಡುವೆ ನೇರವಾಗಿ ಬರಬೇಕಾದ ಸಂಕೇತಕ್ಕೆ ಕಟ್ಟಡ ಅಡ್ಡವಾಗುತ್ತದೆ, ಎದುರಿನ ಗೋಡೆಗೋ ಗಾಜಿಗೋ ಬಡಿದು ಮರಳಿದ ಸಂಕೇತ ಫೋನನ್ನು ಮುಟ್ಟುತ್ತದೆ. ಸುತ್ತುಬಳಸಿ ಬಂದ ಸಂಕೇತ 30 ಮೀಟರ್ ಹೆಚ್ಚು ದಾರಿ ಸವೆಸಿದ್ದರೆ, ಆ ಉಪಗ್ರಹ 30 ಮೀಟರ್ ಹೆಚ್ಚು ದೂರದಲ್ಲಿದೆ ಎಂದೇ ಫೋನು ನಂಬುತ್ತದೆ. ನೀವು ರಸ್ತೆಯ ಈಚೆಗೆ ನಿಂತಿದ್ದರೂ ಗುರುತು ಆಚೆಗೆ ಜಿಗಿಯುವುದಕ್ಕೆ ಇದೇ ಕಾರಣ. 2018ರಿಂದ ಈಚೆಗೆ ಬಂದ ಕೆಲವು ಫೋನುಗಳು ಎರಡು ಆವರ್ತನಗಳಲ್ಲಿ ಸಂಕೇತ ಹಿಡಿಯುತ್ತವೆ. ಅವುಗಳಲ್ಲಿ ಈ ದೋಷ ಕಡಿಮೆ, ಆದರೆ ಇಲ್ಲವೆಂದಲ್ಲ. ಮೂವತ್ತು ಮಂದಿಯ ಕೈಯಲ್ಲಿ ಮೂವತ್ತು ಬಗೆಯ ಫೋನುಗಳಿರುವುದರಿಂದ ಅದನ್ನು ನೆಚ್ಚಿಕೊಂಡು ಆಟ ಕಟ್ಟುವಂತಿಲ್ಲ.

ಮರಗಳ ಕೆಳಗೆ ಬಾಣ ತಿರುಗಿದ್ದು ಇದಕ್ಕಿಂತ ಬೇರೆಯ ಸಂಗತಿ. ಎಲೆಗಳ ದಟ್ಟಣೆ, ಅದರಲ್ಲೂ ಮಳೆಯಲ್ಲಿ ನೆನೆದ ಎಲೆಗಳು, ಸಂಕೇತವನ್ನು ಕುಗ್ಗಿಸುತ್ತವೆ ಎಂಬುದು ನಿಜ. ಆದರೆ ನಿಂತಲ್ಲೇ ನಿಂತಾಗ ಬಾಣದ ದಿಕ್ಕು ಬರುವುದು ಉಪಗ್ರಹದಿಂದಲ್ಲ, ಫೋನಿನೊಳಗಿನ ಕಾಂತಸೂಜಿಯಂಥ ಸಂವೇದಕದಿಂದ. ಕಬ್ಬಿಣದ ಬೇಲಿ, ನಿಲ್ಲಿಸಿದ ಕಾರು, ಅಯಸ್ಕಾಂತದ ಬಿರಡೆಯಿರುವ ಫೋನಿನ ಕವಚ, ಇವೆಲ್ಲವೂ ಅದನ್ನು ದಾರಿ ತಪ್ಪಿಸುತ್ತವೆ. ಜೊತೆಗೆ, ಗುರಿಗೆ ನಾಲ್ಕೈದು ಮೀಟರ್ ಹತ್ತಿರ ಬಂದಾಗ ಉಳಿದ ದೂರವೂ ಫೋನಿನ ತಪ್ಪಿನ ಅಳತೆಯೂ ಒಂದೇ ಆಗಿಬಿಡುತ್ತವೆ. ಆಗ ಬಾಣ ಯಾವ ಕಡೆಗೆ ತೋರಿಸಿದರೂ ಅದಕ್ಕೆ ಅರ್ಥವಿಲ್ಲ. ಆದ್ದರಿಂದ ಆಟಗಾರರಿಗೆ ಮೊದಲೇ ಹೇಳಿಬಿಡಿ: ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ನಾಲ್ಕು ಸಲ ಆಡಿಸಿ ದಿಕ್ಸೂಚಿಯನ್ನು ಸರಿಪಡಿಸಿಕೊಳ್ಳಬೇಕು, ನಿಧಾನವಾಗಿ ನಡೆಯುತ್ತಲೇ ಬಾಣವನ್ನು ನೋಡಬೇಕು, ದೂರ 10 ಮೀಟರಿಗೆ ಇಳಿದ ಕೂಡಲೇ ಫೋನನ್ನು ಜೇಬಿಗೆ ಹಾಕಿ ಕಣ್ಣಿಗೆ ಕೆಲಸ ಕೊಡಬೇಕು. ಅನುಭವಿಗಳು ಮಾಡುವುದೂ ಇದನ್ನೇ. ಹೊಸಬರು ಮಾತ್ರ ಕೊನೆಯ ಮೂರು ಮೀಟರನ್ನೂ ಫೋನೇ ತೋರಿಸಲಿ ಎಂದು ಪೊದೆಯ ಸುತ್ತ ಪ್ರದಕ್ಷಿಣೆ ಹಾಕುತ್ತಿರುತ್ತಾರೆ.

ಈ ಆಟದ ಹುಟ್ಟೇ ಈ ಅಳತೆಯ ಕಥೆ. 2000ದ ಮೇ ಆರಂಭದವರೆಗೆ ಅಮೆರಿಕ ಸರ್ಕಾರ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು. ತಪ್ಪು ಸುಮಾರು 100 ಮೀಟರಿನವರೆಗೂ ಹೋಗುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ ಆ ಅಡ್ಡಿ ತೆಗೆದ ಬೆನ್ನಿಗೇ, ಮೇ 3ರಂದು, ಡೇವ್ ಉಲ್ಮರ್ ಎಂಬವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಕಪ್ಪು ಬಕೆಟ್ಟನ್ನು ಅರ್ಧ ಹೂತಿಟ್ಟು, ಅದರ ನಿರ್ದೇಶಾಂಕವನ್ನು ಅಂತರಜಾಲದಲ್ಲಿ ಹಂಚಿಕೊಂಡರು. ಒಳಗಿರುವ ವಸ್ತುಗಳಲ್ಲಿ ಒಂದನ್ನು ತೆಗೆದುಕೊಳ್ಳಿ, ನಿಮ್ಮದೊಂದನ್ನು ಇಡಿ, ದಾಖಲೆ ಪುಸ್ತಕದಲ್ಲಿ ಬರೆಯಿರಿ ಎಂಬ ಪದ್ಧತಿ ಆಗಲೇ ಶುರುವಾಯಿತು. ಹೂಳುವ ಪದ್ಧತಿ ಮಾತ್ರ ಉಳಿಯಲಿಲ್ಲ. ಇಂದಿನ ನಿಯಮದಂತೆ, ಜಾಗದ ಒಡೆಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ಡಬ್ಬಿ ಇಡಲು ನೆಲ ಅಗೆಯುವಂತಿಲ್ಲ. ಇದಕ್ಕೂ ಬಹಳ ಹಿಂದೆ, 1854ರಲ್ಲಿ, ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರ್ಯಾನ್‌ಮಿಯರ್ ಪೂಲ್ ಎಂಬಲ್ಲಿ ಬಾಟಲಿಯೊಂದನ್ನಿಟ್ಟು, ಅಲ್ಲಿವರೆಗೆ ನಡೆದು ಬಂದವರು ತಮ್ಮ ಗುರುತಿನ ಚೀಟಿಯನ್ನು ಬಿಟ್ಟು ಹೋಗುವ ರೂಢಿ ಹುಟ್ಟುಹಾಕಿದ್ದರು. ಆಗ ಉಪಗ್ರಹವಿರಲಿಲ್ಲ, ಹುಡುಕಾಟ ಇತ್ತು.

ಈಗ ನಿಮ್ಮ ಆಟದ ಲೆಕ್ಕಕ್ಕೆ ಬರುತ್ತೇನೆ. ಜಿಯೋಕ್ಯಾಶಿಂಗಿನಲ್ಲಿ ನಿರ್ದೇಶಾಂಕವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ ಬರೆಯುವುದು ವಾಡಿಕೆ. ನಿಮಿಷದ ಬಿಂದುವಿನ ನಂತರ ಮೂರು ಅಂಕಿಗಳಿರುತ್ತವೆ. ಅಕ್ಷಾಂಶದ ಒಂದು ನಿಮಿಷವೆಂದರೆ ನೆಲದ ಮೇಲೆ ಸುಮಾರು 1,852 ಮೀಟರ್. ಹಾಗಾಗಿ ಬಿಂದುವಿನ ನಂತರದ ಮೊದಲ ಅಂಕಿಯಲ್ಲಿ ಒಂದು ಹೆಚ್ಚುಕಡಿಮೆಯಾದರೆ 185 ಮೀಟರ್, ಎರಡನೆಯದರಲ್ಲಿ 18.5 ಮೀಟರ್, ಮೂರನೆಯದರಲ್ಲಿ 1.85 ಮೀಟರ್ ವ್ಯತ್ಯಾಸವಾಗುತ್ತದೆ. ರೇಖಾಂಶದಲ್ಲಿ ಈ ದೂರಗಳು ಸಮಭಾಜಕ ವೃತ್ತದ ಬಳಿ ಹೆಚ್ಚುಕಡಿಮೆ ಇಷ್ಟೇ ಇರುತ್ತವೆ, ಧ್ರುವಗಳತ್ತ ಹೋದಂತೆ ಕುಗ್ಗುತ್ತವೆ, 60 ಡಿಗ್ರಿ ಅಕ್ಷಾಂಶದಲ್ಲಿ ಅರ್ಧಕ್ಕೆ ಇಳಿಯುತ್ತವೆ.

ಅಕ್ಷಾಂಶಕ್ಕೆ ಮೂರು, ರೇಖಾಂಶಕ್ಕೆ ಮೂರು, ಒಟ್ಟು ಆರು ಅಂಕಿಗಳು ಬೇಕು. ಆದ್ದರಿಂದ ಪೇಟೆಯಲ್ಲಿ ಆರು ತಾಣಗಳನ್ನು ಆರಿಸಿ, ಮೂವತ್ತು ಮಂದಿಯನ್ನು ಐದೈದು ಜನರ ಆರು ತಂಡಗಳಾಗಿ ಮಾಡಿ. ತಾಣಗಳು ಒಂದಕ್ಕೊಂದು ಸರಪಳಿಯಂತೆ ಹೆಣೆದುಕೊಂಡಿರದೆ, ಪ್ರತಿಯೊಂದೂ ತನ್ನ ಪಾಡಿಗೆ ಒಂದು ಅಂಕಿಯನ್ನು ಕೊಡುವುದರಿಂದ, ಪ್ರತಿ ತಂಡವೂ ಬೇರೆ ಬೇರೆ ತಾಣದಿಂದ ಶುರುಮಾಡಬಹುದು. ಮೂವತ್ತು ಮಂದಿ ಒಂದೇ ಪ್ರತಿಮೆಯ ಮುಂದೆ ನೆರೆಯುವುದೂ, ಹಿಂದಿನ ತಂಡ ಮುಂದಿನ ತಂಡದ ಬೆನ್ನು ಹಿಡಿದು ನಡೆಯುವುದೂ ಇದರಿಂದ ತಪ್ಪುತ್ತದೆ. ಸರಪಳಿ ಮಾದರಿಯಲ್ಲಿ ಇನ್ನೊಂದು ಅಪಾಯವಿದೆ: ಮೂರನೆಯ ತಾಣದಲ್ಲಿ ಎಡವಿದ ತಂಡಕ್ಕೆ ನಾಲ್ಕನೆಯದು ಎಂದಿಗೂ ಸಿಗುವುದಿಲ್ಲ, ಮತ್ತು ಮಕ್ಕಳಿರುವ ತಂಡದಲ್ಲಿ ಆ ಬೇಸರ ಬಹಳ ಬೇಗ ಅಳುವಾಗುತ್ತದೆ.

ಅಕ್ಷಾಂಶದ ಮೂರು ಅಂಕಿಗಳನ್ನು ಅ, ಆ, ಇ ಎಂದೂ ರೇಖಾಂಶದ ಮೂರನ್ನು ಕ, ಖ, ಗ ಎಂದೂ ಕರೆಯೋಣ. ಪೇಟೆಯ ಮೂರು ತಾಣಗಳಿಂದ 3, 7, 2 ಸಿಕ್ಕವು ಎಂದುಕೊಳ್ಳಿ, ಅಂದರೆ 372. ಆದರೆ ನಿಮ್ಮ ಡಬ್ಬಿಗೆ ಉದ್ಯಾನದಲ್ಲಿ ಒಳ್ಳೆಯ ಜಾಗ ಸಿಕ್ಕಿರುವುದು 18.615 ನಿಮಿಷದಲ್ಲಿ. ಹಾಗಿದ್ದರೆ ತಂಡದ ಚೀಟಿಯಲ್ಲಿ ‘ಅಆಇಗೆ 243 ಕೂಡಿಸಿ’ ಎಂದು ಬರೆದರೆ ಆಯಿತು. ಡಬ್ಬಿಯ ಜಾಗವನ್ನು ಮೊದಲು ಆರಿಸಿ, ಕೂಡಿಸುವ ಸಂಖ್ಯೆಯನ್ನು ಆಮೇಲೆ ಲೆಕ್ಕ ಹಾಕಬೇಕು. ಅಂಕಿಗೆ ಹೊಂದಲೆಂದು ಡಬ್ಬಿಯನ್ನು ಅಯೋಗ್ಯ ಜಾಗದಲ್ಲಿ ಇಡುವುದು ತಿರುಗುಮುರುಗು ಕೆಲಸ. ಇದೇ ಉಪಾಯದಿಂದ ನಿಮ್ಮ ಇನ್ನೊಂದು ಸಮಸ್ಯೆಯೂ ಬಗೆಹರಿಯುತ್ತದೆ. ಆರೂ ತಂಡಗಳು ಒಂದೇ ಹೊತ್ತಿಗೆ ಒಂದೇ ಡಬ್ಬಿಗೆ ಬಂದರೆ ಮೊದಲು ಬಂದವರ ಕೂಗಾಟವೇ ಉಳಿದವರಿಗೆ ಸುಳಿವಾಗುತ್ತದೆ. ಉದ್ಯಾನದಲ್ಲಿ ಮೂರು ಡಬ್ಬಿಗಳನ್ನಿಟ್ಟು, ಎರಡು ತಂಡಗಳ ಚೀಟಿಯಲ್ಲಿ 243, ಇನ್ನೆರಡರಲ್ಲಿ 268, ಉಳಿದೆರಡರಲ್ಲಿ 221 ಎಂದು ಬರೆದರೆ, ಎರಡನೆಯ ಡಬ್ಬಿ ಮೊದಲನೆಯದಕ್ಕಿಂತ ಸುಮಾರು 46 ಮೀಟರ್ ಉತ್ತರಕ್ಕೂ ಮೂರನೆಯದು ಸುಮಾರು 41 ಮೀಟರ್ ದಕ್ಷಿಣಕ್ಕೂ ಹೋಗುತ್ತದೆ. ಒಂದೇ ಡಬ್ಬಿಯನ್ನು ಹಂಚಿಕೊಳ್ಳುವ ಎರಡು ತಂಡಗಳನ್ನು ಹದಿನೈದು ನಿಮಿಷದ ಅಂತರದಲ್ಲಿ ಹೊರಡಿಸಿ.

ಯಾವ ತಾಣದ ಅಂಕಿಯನ್ನು ಯಾವ ಸ್ಥಾನಕ್ಕೆ ಹಾಕಬೇಕು ಎಂಬ ಆಯ್ಕೆಯಲ್ಲಿ ಆಟ ಕಟ್ಟುವವನ ಜಾಣ್ಮೆ ಕಾಣುತ್ತದೆ. ತಪ್ಪಾಗುವ ಸಂಭವವೇ ಇಲ್ಲದ ಅಂಕಿಗಳು, ಅಂದರೆ ಕಲ್ಲಿನಲ್ಲಿ ಕೆತ್ತಿದ ಇಸವಿಯ ಕೊನೆಯ ಅಂಕಿ, ಲೋಹದ ಫಲಕದಲ್ಲಿ ಎದ್ದು ಕಾಣುವ ಸಂಖ್ಯೆ, ಇವು ಅ ಮತ್ತು ಕ ಸ್ಥಾನಗಳಿಗೆ ಹೋಗಬೇಕು, ಏಕೆಂದರೆ ಅಲ್ಲಿ ಒಂದು ತಪ್ಪಿದರೆ 185 ಮೀಟರ್ ಹೋಯಿತು. ಎಣಿಸಿ ಪಡೆಯಬೇಕಾದ ಅಂಕಿಗಳನ್ನು ಇ ಮತ್ತು ಗ ಸ್ಥಾನಗಳಿಗೆ ಹಾಕಿ. ಅಲ್ಲಿ ಒಂದು ಹೆಚ್ಚುಕಡಿಮೆಯಾದರೂ ಎರಡು ಮೀಟರಿನ ಒಳಗೇ ಇರುವುದರಿಂದ ಹುಡುಕಾಟದಲ್ಲಿ ಅದು ತಾನಾಗಿಯೇ ಕರಗಿಹೋಗುತ್ತದೆ. ಈ ಮಾತನ್ನು ನಾನು ಕಲಿತದ್ದು ಅವಮಾನಪಟ್ಟು. ಒಮ್ಮೆ ಕಟ್ಟಡವೊಂದರ ಮುಂದಿನ ಮೆಟ್ಟಿಲುಗಳನ್ನು ಎಣಿಸಿ ಅದರಿಂದ ಎಂಟನ್ನು ಕಳೆಯಿರಿ ಎಂದು ಬರೆದು, ಬಂದ ಅಂಕಿಯನ್ನು ಮೊದಲ ಸ್ಥಾನದಲ್ಲೇ ಇಟ್ಟಿದ್ದೆ. ನನ್ನ ಲೆಕ್ಕದಲ್ಲಿ ಮೆಟ್ಟಿಲು ಹನ್ನೆರಡು. ಆದರೆ ನೆಲಮಟ್ಟದಲ್ಲಿ ಅರ್ಧ ಹೂತುಹೋಗಿದ್ದ ಒಂದು ಕಲ್ಲನ್ನೂ ಎರಡು ತಂಡಗಳು ಎಣಿಸಿ ಹದಿಮೂರು ಮಾಡಿಕೊಂಡವು. ಆ ಎರಡೂ ತಂಡಗಳು ಉದ್ಯಾನದ ಕೊಳದ ದಂಡೆಯಲ್ಲಿ ನಿಂತು, ನಿಧಿ ನೀರಿನ ನಡುವೆ ಇದೆ ಎಂದು ವಾದಿಸುತ್ತಿದ್ದುದನ್ನು ನೋಡಿದ ಮೇಲೆ ನಾನು ಮೆಟ್ಟಿಲುಗಳ ತಂಟೆಗೆ ಹೋಗಿಲ್ಲ. ಕಿಟಕಿ, ಕಂಬ, ಕಮಾನು ಇವುಗಳದೂ ಇದೇ ಪಾಡು: ಮುಚ್ಚಿದ ಕಿಟಕಿ ಕಿಟಕಿಯೋ ಅಲ್ಲವೋ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಣ್ಣದಲ್ಲಿ ಬರೆದದ್ದು, ಅಂಟಿಸಿದ ಭಿತ್ತಿಪತ್ರ, ಅಂಗಡಿಯ ಫಲಕ, ಇವು ನಿಮ್ಮ ಆಟದ ದಿನದೊಳಗೇ ಬದಲಾಗಬಹುದು. ಆದ್ದರಿಂದ ಹಿಂದಿನ ಸಂಜೆ ಆರೂ ತಾಣಗಳನ್ನು ಒಮ್ಮೆ ಸುತ್ತಿ ಬನ್ನಿ.

ಇಷ್ಟಾದರೂ ಯಾರಾದರೂ ತಪ್ಪುತ್ತಾರೆ. ಅದಕ್ಕೆ, ಲೆಕ್ಕ ಸರಿಯೇ ಎಂದು ನೋಡಿಕೊಳ್ಳಲು, ತಾಳೆ ಸಂಖ್ಯೆಯೊಂದನ್ನು ಕೊಡಬೇಕು. ಉತ್ತರದ ಅಂಕಿಗಳ ಮೊತ್ತವನ್ನು ಕೊಡುವುದು ಸಾಮಾನ್ಯ ರೂಢಿ: 615ಕ್ಕೆ 6, 1, 5 ಕೂಡಿಸಿ 12. ಆದರೆ ಆತುರದಲ್ಲಿ 651 ಎಂದು ಬರೆದುಕೊಂಡವರಿಗೂ 12 ಬರುತ್ತದೆ, ಮತ್ತು ಅವರು ನೆಮ್ಮದಿಯಿಂದ 67 ಮೀಟರ್ ಆಚೆಗೆ ಹೋಗಿ ಹುಡುಕುತ್ತಾರೆ. ಮೊದಲ ಅಂಕಿಯನ್ನು ಮೂರರಿಂದ, ಎರಡನೆಯದನ್ನು ಎರಡರಿಂದ ಗುಣಿಸಿ, ಮೂರನೆಯದನ್ನು ಇದ್ದಂತೆಯೇ ಕೂಡಿಸಲು ಹೇಳಿದರೆ 615ಕ್ಕೆ 25 ಬರುತ್ತದೆ, 651ಕ್ಕೆ 29. ಹತ್ತು ವರ್ಷದ ಮಗುವೂ ಮಾಡಬಹುದಾದ ಲೆಕ್ಕ. ಅಂಕಿಗಳ ಅದಲುಬದಲು ಕೂಡ ಇದರಲ್ಲಿ ಸಿಕ್ಕಿಬೀಳುತ್ತದೆ.

ನಿರ್ದೇಶಾಂಕದ ರೂಪದ ಬಗ್ಗೆ ಒಂದು ಎಚ್ಚರಿಕೆ. 18.450 ನಿಮಿಷವನ್ನು 18 ನಿಮಿಷ 45 ಸೆಕೆಂಡು ಎಂದು ಓದಿಕೊಂಡವರು 550 ಮೀಟರಿಗೂ ಹೆಚ್ಚು ದೂರ ಹೋಗಿಬಿಡುತ್ತಾರೆ, ಏಕೆಂದರೆ 45 ಸೆಕೆಂಡೆಂದರೆ ಮುಕ್ಕಾಲು ನಿಮಿಷ. ಆಟ ಶುರುವಾಗುವ ಜಾಗದಲ್ಲೇ, ಕಣ್ಣಿಗೆ ಕಾಣುವ ಒಂದು ಕಂಬದ ನಿರ್ದೇಶಾಂಕವನ್ನು ಎಲ್ಲ ತಂಡಗಳಿಗೂ ಕೊಟ್ಟು ಫೋನಿಗೆ ತುಂಬಿಸಿ. ಬಾಣ ಆ ಕಂಬವನ್ನು ತೋರಿಸದ ತಂಡವನ್ನು ಅಲ್ಲೇ ಸರಿಪಡಿಸಬಹುದು. ಫೋನಿನಲ್ಲಿ ನಿಖರ ಸ್ಥಳದ ಅನುಮತಿ ತೆರೆದಿದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ಡಬ್ಬಿಯ ಜಾಗದ ನಿರ್ದೇಶಾಂಕವನ್ನು ನೀವೇ ಅಳೆಯುವಾಗ ಒಂದೇ ಸಲ ಅಳೆದು ತೃಪ್ತರಾಗಬೇಡಿ. ಜಾಗಕ್ಕೆ ಹೋಗಿ, ಎರಡು ನಿಮಿಷ ಸುಮ್ಮನಿದ್ದು, ಬರೆದುಕೊಳ್ಳಿ. ಇಪ್ಪತ್ತು ಹೆಜ್ಜೆ ದೂರ ಹೋಗಿ ಬೇರೆ ದಿಕ್ಕಿನಿಂದ ಮರಳಿ ಬಂದು ಮತ್ತೆ ಬರೆದುಕೊಳ್ಳಿ. ಇನ್ನೊಂದು ದಿನ ಪುನಃ ಹೋಗಿ, ಆದರೆ ಅದೇ ಹೊತ್ತಿಗೆ ಬೇಡ. ಜಿಪಿಎಸ್ ಉಪಗ್ರಹವೊಂದು 12 ತಾಸಿಗಿಂತ ತುಸು ಕಡಿಮೆ ಹೊತ್ತಿನಲ್ಲಿ ಭೂಮಿಯನ್ನು ಸುತ್ತುವುದರಿಂದ, ಮರುದಿನ ಸುಮಾರು ನಾಲ್ಕು ನಿಮಿಷ ಮೊದಲು ಆಕಾಶದಲ್ಲಿ ಅವೇ ಉಪಗ್ರಹಗಳು ಅವೇ ಜಾಗಗಳಲ್ಲಿರುತ್ತವೆ, ಅವೇ ಗೋಡೆಗಳಿಗೆ ಬಡಿದು ಅವೇ ತಪ್ಪುಗಳನ್ನು ಮಾಡುತ್ತವೆ. ನಿನ್ನೆ ಬೆಳಿಗ್ಗೆ ಹತ್ತಕ್ಕೆ ಅಳೆದದ್ದನ್ನು ಇಂದು ಬೆಳಿಗ್ಗೆ ಹತ್ತಕ್ಕೆ ಅಳೆದು ಎರಡೂ ಒಂದೇ ಬಂತೆಂದು ಹಿಗ್ಗುವುದು ಒಂದೇ ಸಾಕ್ಷಿಯನ್ನು ಎರಡು ಸಲ ಕೇಳಿದಂತೆ. ಸಂಜೆಯ ಅಳತೆಯನ್ನೂ ಸೇರಿಸಿ ಸರಾಸರಿ ತೆಗೆಯಿರಿ.

ಇನ್ನು ಅಡಗಿಸುವ ಕಲೆ. ಉದ್ಯಾನದಲ್ಲಿ ಡಬ್ಬಿ ಎಲ್ಲಿರಬೇಕೆಂದು ನಿರ್ಧರಿಸುವ ಮುನ್ನ ಅದನ್ನು ಹುಡುಕುವವರು ಎಲ್ಲೆಲ್ಲಿ ಕಾಲಿಡುತ್ತಾರೆಂದು ಯೋಚಿಸಿ. ಆರು ತಂಡಗಳು ಡಬ್ಬಿಯ ಸುತ್ತಲಿನ ಹತ್ತು ಮೀಟರಿನೊಳಗೆ ಓಡಾಡಿದರೆ ಹುಲ್ಲು ಮಲಗುತ್ತದೆ, ಹೂವಿನ ಪಾತಿ ಉಳಿಯುವುದಿಲ್ಲ. ಕಾಲುದಾರಿಯ ಅಂಚಿನಲ್ಲಿ, ಗಟ್ಟಿ ನೆಲದ ಪಕ್ಕ, ಮೊಣಕಾಲಿನಿಂದ ಎದೆಯ ಮಟ್ಟದೊಳಗೆ, ಕೈ ಹಾಕಿದರೆ ಸಿಗುವಂತಿರುವುದು ಒಳ್ಳೆಯದು. ಮರಕ್ಕೆ ಮೊಳೆ ಹೊಡೆಯಬಾರದು, ತೊಗಟೆ ಕೆರೆಯಬಾರದು. ಪೊಟರೆಯೊಳಗೆ ಏನು ವಾಸವಾಗಿದೆ ಎಂದು ತಿಳಿಯದೆ ಮಕ್ಕಳಿಂದ ಕೈ ಹಾಕಿಸಬಾರದು. ವಿದ್ಯುತ್ ಪೆಟ್ಟಿಗೆ, ಪಂಪಿನ ಮನೆ, ಮಕ್ಕಳ ಆಟದ ಜಾಗ, ಶೌಚಾಲಯದ ಹಿಂಬದಿ, ಇವುಗಳಿಂದ ದೂರವಿರಿ. ನನಗೆ ಅಚ್ಚುಮೆಚ್ಚಿನ ಜಾಗವೆಂದರೆ ಕುಳಿತುಕೊಳ್ಳುವ ಬೆಂಚಿನ ಆಸುಪಾಸು. ಹುಡುಕುವವರು ಅಲ್ಲಿ ಕುಳಿತು ಬಗ್ಗಿ ಚಪ್ಪಲಿ ಸರಿಮಾಡಿಕೊಂಡಂತೆ ನಟಿಸಬಹುದು. ಆಟದ ಪರಿವೆಯಿಲ್ಲದ ದಾರಿಹೋಕರನ್ನು ಈ ಬಳಗದವರು ‘ಮಗಲ್’ ಎಂದು ಕರೆಯುತ್ತಾರೆ. ಅವರ ಕಣ್ಣಿಗೆ ಬೀಳದಂತೆ ಡಬ್ಬಿ ತೆಗೆದು ಮರಳಿ ಇಡುವುದು ಅರ್ಧ ಆಟ. ಪೇಟೆಯಲ್ಲಿ ನಿಮ್ಮ ಡಬ್ಬಿ ಎರಡೇ ದಿನದಲ್ಲಿ ಮಾಯವಾದದ್ದೂ ಬಹುಶಃ ಯಾರೋ ನೋಡುತ್ತಿದ್ದಾಗ ನೀವು ಅದನ್ನು ಇಟ್ಟದ್ದರಿಂದಲೇ.

ಡಬ್ಬಿ ಪಾರದರ್ಶಕವಾಗಿರಲಿ, ರಬ್ಬರಿನ ಪಟ್ಟಿಯಿದ್ದು ನಾಲ್ಕೂ ಕಡೆ ಚಿಲಕ ಬೀಳುವಂಥದ್ದಾಗಿರಲಿ. ಅಳತೆ ಒಂದು ಲೀಟರಿನಷ್ಟಿದ್ದರೆ ಮಕ್ಕಳಿಗೆ ಬೇಕಾದ ಗೋಲಿ, ಗುಂಡಿ, ಪುಟ್ಟ ಆಟಿಕೆಗಳು ಹಿಡಿಯುತ್ತವೆ. ತಿನ್ನುವ ಪದಾರ್ಥ ಬೇಡ. ಇರುವೆ, ಅಳಿಲು, ಇಲಿಗಳು ನಿಮಗಿಂತ ಮೊದಲು ನಿಧಿ ಪತ್ತೆಹಚ್ಚುತ್ತವೆ. ದಾಖಲೆ ಪುಸ್ತಕದ ಜೊತೆ ಪೆನ್ನಲ್ಲ, ಪೆನ್ಸಿಲ್ ಇಡಿ: ತೇವದ ಕಾಗದದ ಮೇಲೂ ಅದು ಬರೆಯುತ್ತದೆ. ಹೊರಗಡೆ ದೊಡ್ಡ ಅಕ್ಷರಗಳಲ್ಲಿ ಇದೊಂದು ಆಟದ ಡಬ್ಬಿ, ಅಪಾಯವಿಲ್ಲ ಎಂದು ಬರೆದು ಸಂಪರ್ಕ ಸಂಖ್ಯೆ ಹಾಕಿ. ಇದು ಅತಿ ಎಚ್ಚರಿಕೆಯಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಬೀದಿಯ ಬದಿಗಿಟ್ಟಿದ್ದ ಇಂಥದೊಂದು ಡಬ್ಬಿಯನ್ನು ಬಾಂಬೆಂದು ಶಂಕಿಸಿ, ಬಾಂಬ್ ನಿಷ್ಕ್ರಿಯ ದಳ ಬಂದು ಸ್ಫೋಟಿಸಬೇಕಾಯಿತು. ಪೇಟೆಯಲ್ಲಿ ಏನನ್ನೂ ಇಡಬೇಡಿ ಎಂದು ನಾನು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ. ಉದ್ಯಾನದ ಮೇಲ್ವಿಚಾರಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಆ ದಿನ ಕಾವಲಿನಲ್ಲಿರುವವರಿಗೆ ಮೂರೂ ಜಾಗಗಳನ್ನು ತೋರಿಸಿಡಿ.

ದೂರದ ವಿಷಯದಲ್ಲಿ ಮಕ್ಕಳ ಕಾಲೇ ಅಳತೆ. ಎಲ್ಲ ಸೇರಿ ಎರಡು ಕಿಲೋಮೀಟರಿನಷ್ಟಿದ್ದರೆ ಸಾಕು. ನಿಂತು, ಓದಿ, ಜಗಳವಾಡಿ ಮುಗಿಸುವಷ್ಟರಲ್ಲಿ ಒಂದೂವರೆ ತಾಸಾಗುತ್ತದೆ. ರಸ್ತೆ ದಾಟುವಾಗ ಫೋನು ಜೇಬಿನಲ್ಲಿರಬೇಕು ಎಂಬುದನ್ನು ಸಲಹೆಯಾಗಿ ಅಲ್ಲ, ಆಟದ ನಿಯಮವಾಗಿಯೇ ಚೀಟಿಯಲ್ಲಿ ಬರೆಯಿರಿ. ಆರು ತಾಣಗಳನ್ನು ಸಾಧ್ಯವಾದಷ್ಟೂ ಮುಖ್ಯ ರಸ್ತೆಯ ಒಂದೇ ಬದಿಯಲ್ಲಿ ಆರಿಸಿಕೊಂಡರೆ ಆ ನಿಯಮಕ್ಕೆ ಕೆಲಸವೇ ಕಡಿಮೆಯಾಗುತ್ತದೆ.

ಕಾಯಂ ಆಗಿ ಉಳಿಸಬಹುದೆ ಎಂದು ಕೇಳಿದ್ದೀರಿ. ಉಳಿಸಬಹುದು, ಆದರೆ ಆಗ ಅದು ಬೇರೆಯೇ ಜವಾಬ್ದಾರಿ. ಜಿಯೋಕ್ಯಾಶಿಂಗಿನ ಪ್ರಮುಖ ಜಾಲತಾಣದಲ್ಲಿ ಪ್ರಕಟಿಸಬೇಕಾದರೆ ಸ್ವಯಂಸೇವಕ ಪರಿಶೀಲಕರೊಬ್ಬರು ಒಪ್ಪಬೇಕು, ಮತ್ತು ನಿಮ್ಮ ಡಬ್ಬಿಗೂ ಬೇರೆಯವರ ಡಬ್ಬಿಗೂ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕು. ಪೇಟೆಯಲ್ಲಿ ಬರಿ ಅಂಕಿ ಓದುವ ತಾಣಗಳಿಗೆ ಈ ಅಂತರದ ನಿಯಮ ಅನ್ವಯಿಸುವುದಿಲ್ಲ, ಹಾಗಾಗಿ ನಿಮ್ಮ ಆರೂ ತಾಣಗಳು ಹಾಗೆಯೇ ಉಳಿಯಬಹುದು. ಮೂರು ಡಬ್ಬಿಗಳ ಬದಲು ಒಂದನ್ನೇ ಉಳಿಸಿ, ಅದನ್ನು ಹಲವು ಹಂತಗಳ ‘ಮಲ್ಟಿ ಕ್ಯಾಶ್’ ಎಂದು ನೋಂದಾಯಿಸಿ. ಹುಡುಕಾಟದ ಕಷ್ಟವನ್ನೂ ನೆಲದ ದುರ್ಗಮತೆಯನ್ನೂ ಒಂದರಿಂದ ಐದರವರೆಗಿನ ನಕ್ಷತ್ರಗಳಲ್ಲಿ ಸೂಚಿಸಬೇಕಾಗುತ್ತದೆ. ನೆಲಕ್ಕೆ ಒಂದೇ ನಕ್ಷತ್ರ ಕೊಡುವುದಾದರೆ ಗಾಲಿಕುರ್ಚಿಯಲ್ಲಿ ಬಂದವರೂ ಡಬ್ಬಿಯನ್ನು ತಲುಪುವಂತಿರಬೇಕು. ಕಾಲುದಾರಿಯ ಅಂಚಿನ ಬೆಂಚಿಗೆ ಆ ಅರ್ಹತೆ ಸಾಮಾನ್ಯವಾಗಿ ಇರುತ್ತದೆ, ಡಬ್ಬಿಯನ್ನು ಬೆಂಚಿನ ಕೆಳಗೆ ಆಳದಲ್ಲಿ ಸಿಕ್ಕಿಸದಿದ್ದರೆ. ಒದ್ದೆಯಾದ ಪುಸ್ತಕ ಬದಲಿಸಲು, ಮಾಯವಾದ ಡಬ್ಬಿಯನ್ನು ಪುನಃ ಇಡಲು, ಪೇಟೆಯ ಫಲಕವೊಂದು ಕಳಚಿಬಿದ್ದರೆ ಲೆಕ್ಕವನ್ನು ತಿದ್ದಲು ಹತ್ತಿರದಲ್ಲಿರುವ ಒಬ್ಬರು ಹೊಣೆ ಹೊರಬೇಕು. ಹಾಗೆ ಹೊರುವವರು ನಿಮ್ಮ ಬಳಗದಲ್ಲಿ ಇಲ್ಲದಿದ್ದರೆ, ಆಟ ಮುಗಿದ ಸಂಜೆಯೇ ಮೂರೂ ಡಬ್ಬಿಗಳನ್ನು ತೆಗೆದು, ಕೊನೆಯ ತಂಡ ಸರಿಸಿಟ್ಟ ಕಲ್ಲುಗಳನ್ನು ಮೊದಲಿದ್ದ ಜಾಗದಲ್ಲೇ ಕೂರಿಸಿ, ಉದ್ಯಾನದ ಮೇಲ್ವಿಚಾರಕರಿಗೆ ತಿಳಿಸಿ ಹೊರಡಿ.